ಕಲ್ಯಾಣಮ್ಮ ಬಿಟ್ಟ ಬಸವ

ಗಂಡ ಬಸವಂತರಾಯ ತೀರಿಕೊಂಡ ವರ್ಷ ಕಲ್ಯಾಣಮ್ಮ ಹಟ ಹಿಡಿದು ಮನೆಯ ಹೋರಿಗರುವೊಂದನ್ನು ಅವನ ಹೆಸರಲ್ಲಿ ದೇವರಿಗೆ ಬಿಟ್ಟಳು. ಮಗ ವೀರೇಂದ್ರನಿಗೆ ಅದು ಸರಿ ಬರಲಿಲ್ಲ.

"ಯವ್ವಾ, ಇದು ಗುರುಗುಂಟಾ ಅಲ್ಲ, ಜವಳಗೇರಾ. ಇಲ್ಲಿ ಎಲ್ಲಿ ಮೇಯಬೇಕು ಅದು?"

ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಯ ತವರಾದ ಗುರುಗುಂಟಾದ ಕಡೆ ಮನೆಯ ಹಿರಿಯ ಹೋದರೆ ಅವನ ಹೆಸರಲ್ಲಿ ಒಂದು ಬಸವನನ್ನು ಬಿಡುವುದು ಮೊದಲಿನಿಂದ ನಡೆದುಬಂದದ್ದು. ಅದು ಮಳೆ ನಂಬಿದ ನೆಲ. ಜೋಳ ಕೊಯ್ದರೆ ಊರ ಸುತ್ತ ಬರೀ ಬಯಲು; ಬಿಟ್ಟ ಬಸವ ಮನಸ್ಸು ಬಂದಲ್ಲಿ ಮೇದು, ಮನಸ್ಸು ಬಂದ ಕಟ್ಟೆಯ ಮುಂದೆ ಮಲಗುತ್ತಿತ್ತು. ಇಲ್ಲಿಯೂ ಹಾಗೇ ಆದೀತೆಂದು ಕಲ್ಯಾಣಮ್ಮ ತಿಳಿದಳು. ಕರುವಿನ ಹಣೆಗೆ ವಿಭೂತಿ ಬಳಿದು, ಕೊರಳ ಹಗ್ಗ ಬಿಚ್ಚಿ, ನೆಂಟರಿಷ್ಟರ ಮುಂದೆ ಮಾತು ಕೊಟ್ಟಳು: "ಇನ್ನ ಮ್ಯಾಲ ಇದರ ಮೈಮ್ಯಾಲ ಹಗ್ಗ ಬೀಳಂಗಿಲ್ಲ. ಹಾಕಿದ್ರ ನಮ್ಮ ಯಜಮಾನ್ರ ಕೊರಳಿಗೆ ಹಾಕಿದಂಗ."

ಕರುವಾಗಿದ್ದಷ್ಟು ದಿನ ಊರೆಲ್ಲ ಅದನ್ನು ಮಗುವಿನ ಹಾಗೆ ನೋಡಿತು. ಒಬ್ಬರು ರೊಟ್ಟಿ ಕೊಟ್ಟರೆ ಇನ್ನೊಬ್ಬರು ಬೆಲ್ಲ. ಹೋಟೆಲಿನ ಬಸ್ಸಪ್ಪ ಮೊದಲ ಪೂರಿಯನ್ನು ಅದಕ್ಕೇ ಎತ್ತಿಡುತ್ತಿದ್ದ. ಅದು ಬೆಳೆದು ಬೆನ್ನ ಮೇಲೆ ಹಿಣಿಲು ಎತ್ತಿದ ಗೂಳಿಯಾದಾಗ ಕೈಗಳು ಹಿಂದಕ್ಕೆ ಸರಿದವು. ಕಾಲುವೆಯ ಊರಿನಲ್ಲಿ ಬಯಲೆಂಬುದು ಎಲ್ಲಿ? ಭತ್ತ ಕೊಯ್ದ ಗದ್ದೆಗೆ ನೀರು ಬಂದರೆ ಮತ್ತೆ ಭತ್ತ. ಕಾಲಿಟ್ಟಲ್ಲೆಲ್ಲ ಯಾರದೋ ಬೆಳೆ.

ಗದ್ದೆಯ ನೆರೆಯವನಾದ ಯಂಕೋಬ ಒಂದು ದಿನ ಬಾಗಿಲಿಗೆ ಬಂದು ನಿಂತ.

"ಅಮ್ಮಾರ, ನಿಮ್ಮ ಯಜಮಾನ್ರು ಇದ್ದಾಗ ಒಂದಿನಾನೂ ನನ್ನ ಹೊಲದಾಗ ಕಾಲಿಟ್ಟವರಲ್ಲ. ಈಗ ದಿನಾ ಬರಾಕತ್ತ್ಯಾರ ನೋಡ್ರಿ."

ಕಲ್ಯಾಣಮ್ಮನಿಗೆ ನಗುವೂ ಬಂತು, ಸಂಕಟವೂ ಆಯಿತು. "ಬೈದು ಕಳಿಸಪಾ ಯಂಕೋಬ. ಹೊಡೀಬ್ಯಾಡ."

ಯಂಕೋಬ ಬಹಳ ದಿನ ಬೈದೇ ಕಳಿಸಿದ. ಆದರೆ ಗೂಳಿ ಅವನ ಸಸಿಮಡಿಗೆ ನುಗ್ಗಿ, ನಾಟಿಗೆ ಬಂದಿದ್ದ ಸಸಿಯನ್ನೆಲ್ಲ ತುಳಿದು ಹಾಕಿದಾಗ ಅವನ ಕೈಯಲ್ಲಿ ಸಲಿಕೆಯಿತ್ತು. ಬೀಸಿ ಎಸೆದ. ಸಲಿಕೆಯ ಬಾಯಿ ಗೂಳಿಯ ಬೆನ್ನು ಸೀಳಿತು.

ಮರುದಿನ ಬಸವ ಎಂದಿನಂತೆ ರೊಟ್ಟಿಗೆ ಬಂದಾಗ ಕಲ್ಯಾಣಮ್ಮ ಗಾಯ ನೋಡಿದಳು. ಬೇವಿನೆಣ್ಣೆಯಲ್ಲಿ ಕರ್ಪೂರ ಕಲಸಿ ತಂದಳು. ಮುಖ ಮುಟ್ಟಿದರೆ ಸುಮ್ಮನಿದ್ದ ಪ್ರಾಣಿ ಬೆನ್ನ ಕಡೆ ಕೈ ಹೋದೊಡನೆ ಹಾರಿ ದೂರ ನಿಂತಿತು. ಪಶು ದವಾಖಾನೆಯ ಡಾಕ್ಟರನ್ನು ವೀರೇಂದ್ರ ಕರೆತಂದ. ಅವರೂ ಹತ್ತಿರ ಹೋಗಲಾರದೆ ಹಿಂದೆ ಸರಿದರು.

"ಕಟ್ಟಿ ಹಾಕ್ರಿ ಅಮ್ಮಾ. ಗಾಯ ಆರೋತನಕ ಕಟ್ಟಿದ್ರ ಉಳೀತದ. ಇಲ್ಲಾಂದ್ರ ಹುಳ ಬೀಳ್ತಾವ."

ಪಕ್ಕದ ಮನೆಯ ಶಂಶಾದ್‌ಬೀ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಗೋಡೆಯ ಮೇಲಿಂದ ಕೂಗಿದಳು. "ಅಕ್ಕಾ, ಹಗ್ಗ ಹಾಕ್ರಿ. ದೇವ್ರು ಬೈದ್ರ ನನ್ನ ಹೆಸರು ಹೇಳ್ರಿ. ನಿಮ್ಮ ದೇವ್ರಿಗೆ ನನ್ನ ಪರಿಚಯ ಇಲ್ಲ, ಏನ್ ಮಾಡ್ಯಾನು?"

"ದೇವ್ರದಲ್ಲ ಶಂಶಾದ್‌ಬೀ, ಅವ್ರದು. ಮಾತು ಕೊಟ್ಟೀನಿ."

"ಹೋದವರಿಗೆ ಮಾತು, ಇದ್ದದ್ದಕ್ಕ ಹುಳ. ಚಲೋ ನ್ಯಾಯ ನಿಮ್ದು."

ಆ ಮಾತು ಕಲ್ಯಾಣಮ್ಮನ ಎದೆಗೆ ನಾಟಿತು. ಆದರೂ ಕೈ ಏಳಲಿಲ್ಲ. ಹಗ್ಗವನ್ನು ಗೂಟದಿಂದ ತೆಗೆಯುವಳು, ಗಂಡನ ಫೋಟೋ ನೋಡುವಳು, ಮತ್ತೆ ಅಲ್ಲೇ ತೂಗುಹಾಕುವಳು. ನಾಳೆ ನೋಡೋಣ ಎಂದುಕೊಳ್ಳುವಳು. ಅಷ್ಟರಲ್ಲಿ ಗಾಯಕ್ಕೆ ಹುಳ ಬಿದ್ದವು. ಬಸವ ಬಾಗಿಲಿಗೆ ಬಂದರೆ ನಾತ ಮೊದಲು ಬರುತ್ತಿತ್ತು. ಬಸ್ಸಪ್ಪ ಗಿರಾಕಿಗಳು ಎದ್ದು ಹೋಗುತ್ತಾರೆಂದು ದೂರದಿಂದಲೇ ಕೈ ಮುಗಿದು, ನೀರು ಎರಚಿ ಓಡಿಸುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ರೊಟ್ಟಿಯ ಹೊತ್ತಾದರೂ ಬಸವ ಬರಲಿಲ್ಲ. ನೊಣದ ಕಾಟ ತಾಳದೆ ಅದು ಕಾಲುವೆಗೆ ಇಳಿದಿತ್ತು. ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಇಳಿದದ್ದು ಹತ್ತಲಾರದೆ ಜಾರಿ ಜಾರಿ ಬಿದ್ದು ಹಿಂಗಾಲು ಮುರಿದುಕೊಂಡಿತ್ತು. ಕಲ್ಯಾಣಮ್ಮ ಹೋಗುವ ಹೊತ್ತಿಗೆ ದಂಡೆಯ ತುಂಬ ಜನ. ಟ್ರ್ಯಾಕ್ಟರ್ ಬಂದಿತ್ತು, ಹಗ್ಗವೂ ಬಂದಿತ್ತು. ಕಟ್ಟುವವರು ಮಾತ್ರ ಆಕೆಯ ಮುಖ ನೋಡುತ್ತ ನಿಂತಿದ್ದರು.

"ಹಾಕ್ರಿ," ಎಂದಳು.

ಮೊದಲು ನೀರಿಗಿಳಿದವನು ಯಂಕೋಬ. ಹೊಟ್ಟೆಯ ಕೆಳಗೆ ಗೋಣಿಚೀಲ ತೂರಿಸಿ ಹಗ್ಗ ಸುತ್ತಿದ. ಟ್ರ್ಯಾಕ್ಟರ್ ಗೂಳಿಯನ್ನು ದಂಡೆಗೆ ಎಳೆದ ಮೇಲೆ ಆಕೆಯ ಎದುರು ನಿಂತು, "ಸಲಿಕಿ ನಂದು ಅಮ್ಮಾರ," ಎಂದ.

"ಊರಿಗೆಲ್ಲ ಗೊತ್ತೈತಿ. ತಲಿ ಹಿಡಿ, ನೀರು ಕುಡಿಸೋಣ."

ಡಾಕ್ಟರು ಬಂದು ಹುಳ ತೆಗೆದು ಸೂಜಿ ಹಾಕಿದರು. ಈಗ ಗೂಳಿ ಅಲುಗಾಡಲಿಲ್ಲ. "ಹಿಂಗ ಒಂದ ಮಗ್ಗಲಕ್ಕ ಬಿಟ್ರ ಅಡಿಯ ಮೈ ಕೊಳೀತದ, ಉಸಿರು ಕಟ್ತದ. ಮುಂಜಾನಿ, ಮಧ್ಯಾಹ್ನ, ಸಂಜಿ ಹೊರಳಿಸ್ರಿ. ನಾಕೈದು ಗಂಡಾಳು ಬೇಕು. ಕಾಲು ಹೋದ್ರೂ ಜೀವ ಉಳದೀತು," ಎಂದರು.

ಅಂದು ಹೊರಳಿಸಲು ಜನ ನಾ ಮುಂದು ತಾ ಮುಂದು ಎಂದು ಬಂದರು. ಹೆಂಗಸರು ಆರತಿ ತಂದರು. ಬಸ್ಸಪ್ಪ ಗೂಳಿಯ ಮುಂದೆ ಕಾಯಿ ಒಡೆದ.

"ಕಾಯಿ ಯಾಕ ಬಸ್ಸಪ್ಪ? ನೆಳ್ಳು ಮಾಡ್ರಿ," ಎಂದಳು ಕಲ್ಯಾಣಮ್ಮ.

ನೆರಳು ಮಾಡಿದವಳು ಶಂಶಾದ್‌ಬೀ. ಮನೆಯ ಕಟ್ಟಿಗೆಗೆ ಹೊದಿಸಿದ್ದ ತಾಡಪಾಲು ತಂದು ಕೋಲಿಗೆ ಕಟ್ಟಿದಳು.

ಮರುದಿನದಿಂದ ನಾಟಿಯ ಗಡಿಬಿಡಿ. ಕಾಲುವೆ ನೀರಿನ ಪಾಳಿ ಬಂದರೆ ಮನುಷ್ಯನಿಗೆ ತನ್ನ ಗದ್ದೆ ಬಿಟ್ಟು ಬೇರೆ ಲೋಕ ಕಾಣದು. ವೀರೇಂದ್ರ ತನ್ನ ಆಳುಗಳ ಜೊತೆ ಬೆಳಿಗ್ಗೆಯೊಮ್ಮೆ ಹೊರಳಿಸಿ ಗದ್ದೆಗೆ ಹೋದ. ಮಧ್ಯಾಹ್ನ ಕಲ್ಯಾಣಮ್ಮ ಬದುವಿನಿಂದ ಬದುವಿಗೆ ನಡೆದು ಕರೆದಳು. "ಸಂಜೀಕ ಬರ್ತೀವಿ ಅಮ್ಮಾ, ನೀವು ನಡೀರಿ," ಎಂದರು. ಸಂಜೆ ಮೈ ನೋವು ಎಂದರು. ಒಬ್ಬ ಮೂಗು ಮುಚ್ಚಿಕೊಂಡು ಅರ್ಧ ದಾರಿಯಿಂದ ತಿರುಗಿದ. ಕೊನೆಗೆ ಮಗ ಕೂಡ, "ಯವ್ವಾ, ಅದು ಹೋಗೋದು ಹೋಗ್ತದ. ಸಸಿ ಒಣಗಿದ್ರ ನಮ್ಮ ಗತಿ ಏನು?" ಎಂದ.

ಉಳಿದವರು ಯಂಕೋಬ, ಶಂಶಾದ್‌ಬೀ ಮತ್ತು ಆಕೆ. ಯಂಕೋಬ ಭುಜ ಕೊಟ್ಟ, ಹೆಂಗಸರಿಬ್ಬರು ಕಾಲು ಹಿಡಿದು ಎಳೆದರು. ಗೂಳಿಯ ಮೈ ಸ್ವಲ್ಪ ಎದ್ದು ಮತ್ತೆ ಅಲ್ಲೇ ಕುಸಿಯಿತು. ಅದು ನರಳಿದ ಸದ್ದಿಗೆ ಶಂಶಾದ್‌ಬೀ ಕೈ ಬಿಟ್ಟು ಅತ್ತಳು.

"ಅಕ್ಕಾ, ಬ್ಯಾಡ ಬಿಡ್ರಿ. ಉಳಿಸಾಕ ಹೋಗಿ ಕೊಲ್ಲಾಕತ್ತೀವಿ."

ಆಮೇಲೆ ಕಲ್ಯಾಣಮ್ಮ ಹೊರಳಿಸುವ ಮಾತೆತ್ತಲಿಲ್ಲ. ಒದ್ದೆ ಬಟ್ಟೆಯಿಂದ ಅದರ ಬಾಯಿ ಒರೆಸುತ್ತ, ನೊಣ ಓಡಿಸುತ್ತ ಕುಳಿತಳು. ಮರುದಿನ ಬಿಸಿಲೇರುವಷ್ಟರಲ್ಲಿ ಬಸವ ಪ್ರಾಣ ಬಿಟ್ಟಿತು.

ಸುದ್ದಿ ಹಬ್ಬಿದ್ದೇ ತಡ, ಗದ್ದೆಗಳು ಖಾಲಿಯಾದವು. ಜೆಸಿಬಿ ಬಂದು ಗುಂಡಿ ತೋಡಿತು. ಹೂವಿನ ಹಾರ, ಡೊಳ್ಳು, ಭಜನೆಯವರು, ಮೊಬೈಲ್ ಹಿಡಿದ ಹುಡುಗರು. ಸಮಾಧಿಯ ಮೇಲೆ ಗದ್ದುಗೆ ಕಟ್ಟಬೇಕೆಂದು ಹಿರಿಯರು ಜಾಗ ಅಳೆಯತೊಡಗಿದರು. ಬಸ್ಸಪ್ಪ ವಿಭೂತಿಯ ತಟ್ಟೆಯನ್ನು ಆಕೆಯ ಮುಂದೆ ಹಿಡಿದ.

"ಮೊದಲ ಪೂಜಿ ನಿಮ್ದ ಅಮ್ಮಾ."

ಕಲ್ಯಾಣಮ್ಮ ಗುಂಡಿಯ ಸುತ್ತ ನಿಂತ ತೋಳುಗಳನ್ನು ನೋಡಿದಳು. ಭತ್ತದ ಮೂಟೆ ಹೊತ್ತು ಬಲಿತ ತೋಳುಗಳು.

"ನಿನ್ನೆ ನಾಕು ಮಂದಿ ಸಿಗಲಿಲ್ಲ, ಬಸ್ಸಪ್ಪ," ಎಂದಳು. "ನಾ ಹಗ್ಗ ಹಾಕಲಿಲ್ಲ, ನೀವು ಕೈ ಹಾಕಲಿಲ್ಲ. ಪೂಜಿ ಯಾರು ಮಾಡಿದ್ರೇನು?"

ಯಾರೋ ಕೆಮ್ಮಿದರು. ಡೊಳ್ಳಿನವನು ಶುರು ಮಾಡಲೇ ಎಂದು ಮೆಲ್ಲಗೆ ಕೇಳಿದ. ತಟ್ಟೆ ಬಸ್ಸಪ್ಪನ ಕೈಯಲ್ಲೇ ಉಳಿಯಿತು. ಕಲ್ಯಾಣಮ್ಮ ಸೆರಗು ಹೊದ್ದುಕೊಂಡು ಬದು ಹಿಡಿದು ಮನೆಯ ಕಡೆ ನಡೆದಳು. ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಸಸಿ, ಬುಡದಲ್ಲಿ ತೆಳ್ಳಗೆ ನೀರು ನಿಂತಿತ್ತು.