ಗಂಗಾಧರಪ್ಪನ ಪಾಲಿಗೆ ಬಂದ ಸೋಮವಾರ

ತೆಲಿಗಿ ಬಸ್ ನಿಲ್ದಾಣದ ಎದುರು ಮಿರ್ಚಿ ಬಜ್ಜಿ ಕರಿಯುವ ಗಂಗಾಧರಪ್ಪನಿಗೆ ದೇವರ ಮೇಲೆ ಭಕ್ತಿಯಿತ್ತು, ಉಪವಾಸದ ಮೇಲೆ ಇರಲಿಲ್ಲ. ಬಾಣಲೆಯಿಂದ ತೆಗೆದ ಮೊದಲ ಮಿರ್ಚಿ ಉಪ್ಪು ನೋಡುವುದಕ್ಕೆ, ಎರಡನೆಯದು ಖಾರ ನೋಡುವುದಕ್ಕೆ. ಗಿರಾಕಿ ಬರುವ ಹೊತ್ತಿಗೆ ಅವನ ಹೊಟ್ಟೆ ಅರ್ಧ ತುಂಬಿರುತ್ತಿತ್ತು. ಮನೆಯ ಉಪವಾಸಗಳನ್ನೆಲ್ಲ ಹೆಂಡತಿ ಪಂಪಮ್ಮ ಮಾಡುತ್ತಿದ್ದಳು. ಪುಣ್ಯದಲ್ಲಿ ಅರ್ಧ ಪಾಲು ತನ್ನದೆಂದು ಇವನ ನಂಬಿಕೆ.

ಪಂಪಮ್ಮನಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ಮಾತ್ರೆ, ಊಟವಾದ ಮೇಲೆ, ತುಂಬಿದ ಲೋಟ ನೀರಿನೊಂದಿಗೆ. ಅಷ್ಟರಿಂದಲೇ ಆಕೆ ರೊಟ್ಟಿ ತಟ್ಟಿಕೊಂಡು, ಗಂಡನಿಗೆ ಹಿಟ್ಟು ಕಲಸಿಕೊಟ್ಟುಕೊಂಡು ಚೆನ್ನಾಗಿಯೇ ಇದ್ದಳು. ಆದರೆ ಈ ಸಲದ ರಕ್ತ ಪರೀಕ್ಷೆಯಲ್ಲಿ ರೋಗ ಮತ್ತೆ ತಲೆಯೆತ್ತಿತ್ತು. ಮುಂದಿನ ಸಲವೂ ಇಳಿಯದಿದ್ದರೆ ಈ ಮಾತ್ರೆ ಕೆಲಸಕ್ಕೆ ಬಾರದು ಎಂದರು ಡಾಕ್ಟರು. ಆ ದಿನ ಗಂಗಾಧರಪ್ಪ ಉಪ್ಪು ನೋಡದೆಯೇ ಮಿರ್ಚಿ ಮಾರಿದ.

ಪಂಪಮ್ಮನ ತಂಗಿಯ ಮಗಳು ಶೃತಿ ದಾವಣಗೆರೆಯಲ್ಲಿ ಇಂಥ ಮಾತ್ರೆಗಳ ಮೇಲೆಯೇ ಸಂಶೋಧನೆ ಮಾಡುವವಳು. ಸುದ್ದಿ ಕೇಳಿ, ಗಂಡ ಹೆಂಡತಿ ಇಬ್ಬರೂ ಇದ್ದ ಅಂಗಡಿಗೇ ಬಂದಳು.

"ದೊಡ್ಡವ್ವ, ದಿನಾ ತಗಂತೀಯಿಲ್ಲ?"

"ದಿನಾ ತಗಂತೀನಿ. ಸೋಮವಾರ ಒಂದು ಬಿಟ್ಟು."

"ಸೋಮವಾರ ಏನಾತು?"

"ಕೊಟ್ಟೂರಜ್ಜನ ಹರಕಿ. ಇಡೀ ದಿನ ಬರೇ ನೀರು. ಊಟ ಆದಮ್ಯಾಲೆ ಮಾತ್ರೆ ಅಂದಾರ ಡಾಕ್ಟ್ರು. ಊಟನ ಇಲ್ಲಂದ್ರ ಮಾತ್ರೆ ಎಲ್ಲಿಂದ ಬಂತವ್ವ?"

ಶೃತಿ ಹೊರಗೆ ನಿಂತ ಬಸ್ಸು ತೋರಿಸಿದಳು. "ಕಿಟಕ್ಯಾಗ ಟವೆಲ್ ಒಗದು ಸೀಟು ಹಿಡೀತಾರಲ್ಲ, ನೋಡು. ನಿನ್ನ ರಕ್ತದಾಗ ಒಂದು ಕೆಟ್ಟ ಕಿಣ್ವ ಐತಿ. ಅದಕ್ಕೂ ಒಂದು ಸೀಟೈತಿ. ಅದಕ್ಕ ಶಕ್ತಿ ಕೊಡೋ ಕಣ ಬಂದು ಅಲ್ಲಿ ಕುಂತ್ರ ರೋಗ ಬೆಳೀತೈತಿ. ಈ ಮಾತ್ರೆ ಟವೆಲ್ ಇದ್ದಂಗ. ಸೀಟು ಹಿಡಿಯೋದಷ್ಟ ಅದರ ಕೆಲಸ. ನಾನು ಹುಡುಕೋದೂ ಅಂಥ ಹೊಸ ಟವೆಲ್‌ನ."

"ಸೋಮವಾರ ಟವೆಲ್ ಇಲ್ಲ. ಹತ್ತಿ ಕುಂತಾರ," ಎಂದ ಗಂಗಾಧರಪ್ಪ.

"ಮಂಗಳವಾರ ಎಬ್ಬಸಿದ್ರಾತು," ಎಂದಳು ಪಂಪಮ್ಮ.

"ತೆಲಿಗಿ ಬಸ್ಸಿನಾಗ ಕುಂತೋರನ್ನ ಯಾರು ಎಬ್ಬಿಸ್ಯಾರಲೇ?"

"ಎಬ್ಬಸಬೌದು ದೊಡ್ಡಪ್ಪ," ಎಂದಳು ಶೃತಿ. "ಆದ್ರ ಇನ್ನು ಒಂದಿನಾನೂ ಬಿಡಂಗಿಲ್ಲ."

ಪಂಪಮ್ಮ ಹಿಟ್ಟಿನ ಕೈ ತೊಳೆದುಕೊಂಡಳು. "ಹರಕಿ ಹೊತ್ತಿದ್ದು ಈ ಮನಿ. ಬಿಟ್ಟರ ಹೆಂಗ? ಮನ್ಯಾಗ ಯಾರರ ಒಬ್ಬರು ಹೊರಬೇಕು."

ಆ ಮನೆಯವರೆಂದರೆ ಗಂಡ ಹೆಂಡತಿ ಇಬ್ಬರೇ. ಹೆಂಗಸರಿಬ್ಬರೂ ಗಂಗಾಧರಪ್ಪನ ಕಡೆ ನೋಡಿದರು.

"ಲೇ, ನಾನು ಮಿರ್ಚಿ ಕರಿಯೋನು."

"ಕರೀರಿ. ತಿನಬ್ಯಾಡ್ರಿ."

ಪಂಪಮ್ಮ ಗಂಡನ ಹಣೆಗೆ ವಿಭೂತಿ ಹಚ್ಚಿ, ಅಜ್ಜನ ಹೆಸರು ಹೇಳಿ ಸೋಮವಾರವನ್ನು ಅವನಿಗೆ ದಾಟಿಸಿದಳು.

ಮೊದಲ ಸೋಮವಾರವೇ ಗಿರಾಕಿ ಉಚ್ಚಂಗೆಪ್ಪ ಮುಖ ಕಿವುಚಿದ. "ಉಪ್ಪ ಇಲ್ಲಲ್ಲೋ ಗಂಗಾಧರ."

"ಕೊಟ್ಟೂರಜ್ಜನ್ನ ಕೇಳು."

ಅಷ್ಟು ಸಿಟ್ಟು ಬಂದರೂ ಸೋಮವಾರ ಮಧ್ಯಾಹ್ನ ಅಂಗಡಿ ಬಿಟ್ಟು ಮನೆಗೆ ಹೋಗುತ್ತಿದ್ದ. ಆಕೆ ರೊಟ್ಟಿ ಪಲ್ಯ ಉಂಡು ಮಾತ್ರೆ ನುಂಗುವವರೆಗೆ ಎದುರು ಕೂತು, ಗಂಟಲನ್ನೇ ನೋಡುತ್ತಿದ್ದ.

ಮುಂದಿನ ಪರೀಕ್ಷೆಯಲ್ಲಿ ರೋಗ ಇಳಿದಿತ್ತು. ಅದೇ ಮಾತ್ರೆ ಸಾಕು ಎಂದರು ಡಾಕ್ಟರು. ಊರಿಗೆ ಮರಳುವ ಬಸ್ಸಿನಲ್ಲಿ ಗಂಗಾಧರಪ್ಪ ಹೆಂಡತಿಯನ್ನು ಮೆಲ್ಲಗೆ ಕೇಳಿದ, "ಇನ್ನ ನನ್ನ ಸೋಮವಾರ?"

"ನನ್ನ ಮಾತ್ರೆ ಇರೋಮಟ ನಿಮ್ಮ ಸೋಮವಾರ."

ಈಗ ಸೋಮವಾರದ ಮಿರ್ಚಿಗೆ ಯಾರೂ ಹೆಸರಿಡುವುದಿಲ್ಲ. ಊಟ ಮುಗಿಸಿ, ಮಾತ್ರೆ ನುಂಗಿ, ಪಂಪಮ್ಮನೇ ಅಂಗಡಿಗೆ ಬಂದು ಕೂರುತ್ತಾಳೆ. ಮೊದಲನೆಯದು ಉಪ್ಪು ನೋಡುವುದಕ್ಕೆ, ಎರಡನೆಯದು ಖಾರಕ್ಕೆ.