ಓದುವವಳ ಪಾಲು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಕುಂಜತ್ತೂರಿನ ನಮ್ಮ ಮನೆಯಲ್ಲಿ ಬೆಳಗೆದ್ದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಹೊಗೆಸೊಪ್ಪಿನ ಘಾಟು. ಅಮ್ಮ ತೀರಿಕೊಂಡಿದ್ದರು. ಎರಡನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಕ್ಕ, ನೆರೆಮನೆಯ ಹೆಂಗಸರ ಜೊತೆ ಜಗಲಿಯಲ್ಲಿ ಕೂತು, ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ ತುಂಬಿದ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಒದ್ದೆ ಎಲೆಯನ್ನು ಕತ್ತರಿಸುವ ಕರಕರ ಸದ್ದು, ನಡುನಡುವೆ ಯಾರದಾದರೂ ಸೀನು. ಕಟ್ಟಿದ್ದನ್ನೆಲ್ಲ ಸಂಜೆ ಅಪ್ಪ ಪೇಟೆಯ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ಯುತ್ತಿದ್ದರು.

ಆ ಜಗಲಿಗೆ ಒಂದು ಕಟ್ಟಳೆ ಇತ್ತು. ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಲ್ಲವೇ? ಹಾಗಾಗಿ ಒಬ್ಬರು ಗಟ್ಟಿಯಾಗಿ ಓದಬೇಕು. ಓದುವವಳ ಪಾಲಿನ ಬೀಡಿಯನ್ನು ಕೇಳುವವರು ಕಟ್ಟಿಕೊಡಬೇಕು. ಅಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಮನೆಮಾತು ತುಳು, ಪುಸ್ತಕ ಕನ್ನಡದ್ದು; ಕಷ್ಟದ ಮಾತು ಬಂದರೆ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಐದನೆಯ ತರಗತಿಯ ಹುಡುಗಿಗೆ ಜಂಬಪಡಲು ಇನ್ನೇನು ಬೇಕು!

ಆ ದಿನ ಶಾಲೆಗೆ ರಜೆ. ಶಾಲೆಯ ಕಪಾಟಿನಿಂದ ತಂದ ಹಳೆಯ ಕಥಾಸಂಕಲನವೊಂದು ನನ್ನ ಕೈಯಲ್ಲಿತ್ತು. ತಮ್ಮ ತಂದೆಯ ಕಾಲದಿಂದಲೂ ಜನ ಓದಿ ಕಣ್ಣೀರಿಟ್ಟ ಕತೆಗಳಿವು ಎಂದು ಮಾಸ್ಟ್ರು ಹೇಳಿದ್ದರು. ಕತೆ ಓದಿ ಅಳುವುದೆಂದರೆ ಎಂಥ ಪೆದ್ದುತನ ಎಂದು ನನಗೆ ನಗು ಬಂದಿತ್ತು.

ಕತೆಯಲ್ಲಿ ಒಬ್ಬ ನೇಕಾರನ ಮಗಳು. ತಾಯಿ ಸತ್ತ ಮೇಲೆ ತಂದೆ ಅವಳನ್ನು ಶಾಲೆ ಬಿಡಿಸಿ ನೂಲು ಸುತ್ತಲು ಕೂರಿಸುತ್ತಾನೆ. ಅವಳನ್ನು ಕೇಳಿಕೊಂಡು ಮಾಸ್ಟ್ರು ಮನೆಗೆ ಬರುತ್ತಾರೆ. ಅವಳಿಗೆ ಓದಿನಲ್ಲಿ ಮನಸ್ಸಿಲ್ಲ ಎಂದು ತಂದೆ ಹೇಳಿ ಕಳಿಸಿಬಿಡುತ್ತಾನೆ. ಬಾಗಿಲ ಹಿಂದೆ ನಿಂತ ಹುಡುಗಿ ಅದನ್ನು ಕೇಳಿಯೂ ತುಟಿ ಬಿಚ್ಚುವುದಿಲ್ಲ.

ಕತ್ತರಿಯ ಸದ್ದು ನಿಂತಿತ್ತು. ತಲೆಯೆತ್ತಿದರೆ, ಅಕ್ಕನ ಕೈ ಗೆರಸೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಅದನ್ನು ಇನ್ನೊಮ್ಮೆ ಓದು" ಎಂದಳು.

ಓದಿದೆ. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಪುಡಿ ಕಣ್ಣಿಗೆ ಹೋಗಿರಬೇಕು ಎಂದುಕೊಂಡೆ. ಉಳಿದ ಹೆಂಗಸರೂ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಪ್ಪ ಬಂದರು. ಕತ್ತರಿಸಿಟ್ಟ ಎಲೆ ಒಣಗುತ್ತಿತ್ತು; ಒಣಗಿದ ಎಲೆಯನ್ನು ಸುತ್ತಿದರೆ ಒಡೆಯುತ್ತದೆ. ಅಪ್ಪನ ಸಿಟ್ಟು ನೆತ್ತಿಗೇರಿತು.

"ಎಂತ ಇದು? ಕತೆಯಲ್ಲಿ ಹೊಟ್ಟೆ ತುಂಬ್ತದಾ? ಇವಳ ಓದು ಈ ವರ್ಷಕ್ಕೆ ಸಾಕು. ಇನ್ನು ಇವಳೂ ಗೆರಸೆ ಹಿಡಿಯಲಿ."

ನಾನು ಪುಸ್ತಕ ಮುಚ್ಚಿದೆ. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಅವರೆದುರು ಎಂದೂ ಸ್ವರ ಎತ್ತದ ಅಕ್ಕ ಆಗ ಎದ್ದು ನಿಂತಳು.

"ಅಪ್ಪಾ, ಅಂದು ಮಾಸ್ಟ್ರು ಬಂದಾಗ ನಾನು ಒಳಗೇ ಇದ್ದೆ. ನನಗೆ ಓದ್ಲಿಕ್ಕೆ ಮನಸ್ಸಿಲ್ಲ ಅಂತ ನೀವು ಹೇಳಿದ್ದು ಕೇಳಿದೆ. ನನಗೆ ಮನಸ್ಸು ಇತ್ತು."

ಅಪ್ಪ ಮುಖ ತಿರುಗಿಸಿದರು. "ತಾಯಿ ಇಲ್ಲದ ಮನೆ. ನಾನು ಎಂತ ಮಾಡ್ಬೇಕಿತ್ತು?" ಎಂದ ಅವರ ಸ್ವರ ಉಡುಗಿಹೋಗಿತ್ತು.

"ಓದುವವಳ ಪಾಲು ಕೇಳುವವರದ್ದು ಅಂತ ಉಂಟಲ್ಲ? ಇವಳು ಶಾಲೆಯಲ್ಲಿ ಓದ್ಲಿ. ಇವಳ ಪಾಲು ನಾನು ಕಟ್ತೇನೆ."

"ಒಪ್ಪಿಕೊಳ್ಳಿ ಮಾರಾಯ್ರೆ" ಎಂದಳು ನೆರೆಮನೆಯ ಮುದುಕಿ.

ಅಪ್ಪ ಒಪ್ಪಿದರು. ಆದರೆ ಜಗಲಿಯ ಮೇಲೆ ಇನ್ನು ಪುಸ್ತಕ ಕಾಣಬಾರದು ಎಂದುಬಿಟ್ಟರು. ಸಂಜೆ ಅವರು ಪೇಟೆಗೆ ಹೋದ ಮೇಲೆ, ಉಳಿದ ಕತೆಯನ್ನು ಓದಿ ಹೇಳಲು ನಾನು ಅಕ್ಕನ ಬಳಿ ಹೋದೆ. ಅವಳು ಪುಸ್ತಕವನ್ನು ಮೆಲ್ಲಗೆ ದೂಡಿದಳು.

"ಬೇಡ ಮಾರಾಯ್ತಿ. ಕತೆ ಕೇಳಿದ್ರೆ ಕೈ ನಿಲ್ತದೆ. ನನಗೀಗ ಇಬ್ಬರ ಪಾಲು ಉಂಟು."

ನಾನು ಬಾವಿಕಟ್ಟೆಯ ಹಿಂದೆ ಕೂತು ಕೊನೆಯವರೆಗೂ ಓದಿ, ಬಿಕ್ಕಿಬಿಕ್ಕಿ ಅತ್ತೆ. ಆ ಬಳಿಕ ಅಕ್ಕ ಒಂದೇ ಒಂದು ಕತೆಯನ್ನೂ ಓದಿಸಿಕೊಳ್ಳಲಿಲ್ಲ. ನಾನು ಓದಿ ಟೀಚರಾದೆ, ಅವಳು ಕಟ್ಟುತ್ತಲೇ ಇದ್ದಳು. ನನ್ನ ಪಾಲಿಗೆ ಬಂದ ಓದು ಅವಳ ಕಿವಿಯಿಂದ ಕಿತ್ತುಕೊಂಡದ್ದು. ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ನಿಮಗಾದರೋ ಗೇಟಿನ ಬುಡಕ್ಕೇ ಶಾಲೆಯ ವ್ಯಾನು ಬರುತ್ತದೆ. ತರಗತಿಯ ಗೋಡೆಯ ಮೇಲೆ ಪಾಠ ಸಿನಿಮಾದ ಹಾಗೆ ಓಡುತ್ತದೆ. ಹುಟ್ಟುಹಬ್ಬಕ್ಕೆ ಬಂದ ಕತೆ ಪುಸ್ತಕಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ನೀವಿನ್ನೂ ಬಿಚ್ಚಿಲ್ಲ. ಇರಲಿ, ಪುಸ್ತಕ ಕಾಯುತ್ತದೆ. ಆದರೆ ಹಿಂದಿನ ಕೋಣೆಯಲ್ಲಿ ದೊಡ್ಡಜ್ಜಿ ಕೆಮ್ಮಿದಾಗ, ಮೊಬೈಲಿನ ಆಟಕ್ಕೆ ತೊಂದರೆಯೆಂದು ನೀವು ಬಾಗಿಲು ಹಾಕುತ್ತೀರಲ್ಲ, ಅವಳೇ ನನ್ನ ಅಕ್ಕ. ಒಂದು ಬೀಡಿಯನ್ನೂ ಸೇದಿದವಳಲ್ಲ. ಕಟ್ಟಿ ಕಟ್ಟಿ ಬಂದ ಕೆಮ್ಮು ಅದು. ಆ ಕತೆಯ ಕೊನೆ ಅವಳಿಗೆ ಇನ್ನೂ ಗೊತ್ತಿಲ್ಲ. ಓದಿ ಹೇಳೋಣವೆಂದರೆ, ಈಗ ಅವಳ ಕೈಗೆ ಬೇಕಾದಷ್ಟು ಬಿಡುವಿದೆ, ಕಿವಿ ಕೇಳುವುದಿಲ್ಲ.