ಒಂಟಿ ಸೀನು

ನಮ್ಮ ಮನೆ ಗುಬ್ಬಿಯಲ್ಲಿ, ಅಪ್ಪನ ಗುಮಾಸ್ತಿಕೆ ಕುಣಿಗಲ್ಲಿನಲ್ಲಿ. ಬೆಳಿಗ್ಗೆ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಕುಣಿಗಲ್ಲಿಗೆ ಇನ್ನೊಂದು. ಸಂಜೆ ಅದೇ ತಪಸ್ಸು ಹಿಮ್ಮುಖವಾಗಿ. ತೊಂಬತ್ತರ ದಶಕದಲ್ಲಿ ಅರ್ಧ ಜಿಲ್ಲೆ ಹೀಗೇ ಓಡಾಡಿಕೊಂಡು ಸುಖವಾಗಿತ್ತು. ಆದರೆ ಅಪ್ಪ ಒಂದು ದಿನ ವಾಪಸ್ಸು ಬರುವುದಿಲ್ಲವೆಂಬುದು ಒಂದನೇ ಕ್ಲಾಸಿನಿಂದಲೇ ನನಗೆ ತಿಳಿದಿತ್ತು. ಮಗ್ಗಿಯನ್ನಾದರೂ ಯಾರೋ ಕಲಿಸಿದ್ದರು. ಇದು ತಾನಾಗಿ ಬಂದ ವಿದ್ಯೆ.

ಮನೆಯ ಶಕುನಖಾತೆ ಅಜ್ಜಿಯದು. ಅವರ ಕಾಯಿದೆಯ ಪ್ರಕಾರ ಹೊರಟವರ ಬೆನ್ನಿಗೆ ಒಂಟಿ ಸೀನು ಬಿದ್ದರೆ ಅವರು ಒಳಗೆ ಬಂದು ಕೂರಬೇಕು, ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಹೊರಡಬೇಕು. ಜೋಡಿ ಸೀನಿಗೆ ಆಕ್ಷೇಪಣೆಯಿಲ್ಲ. ಒಂದು ಬೆಳಿಗ್ಗೆ ಒಗ್ಗರಣೆಯ ಘಾಟಿಗೆ ನಾನು ಸೀನಿದೆ. ಅಪ್ಪ ಆಗಷ್ಟೇ ಹೊಸ್ತಿಲು ದಾಟಿದ್ದರು.

"ಬಾರೋ ಒಳೀಕೆ. ಒಂಟಿ ಸೀನು," ಎಂದರು ಅಜ್ಜಿ.

"ಬಸ್ಸು ಹೊಂಟೋಯ್ತದೆ ಕಣವ್ವ."

"ಬಸ್ಸು ಇನ್ನೊಂದ್ ಬತ್ತದೆ. ನೀನು ಒಬ್ನೇ ಇರಾದು."

ಅಪ್ಪ ಕೂತರು, ನೀರು ಕುಡಿದರು, ಹೋದರು. ಸಂಜೆ ಕ್ಷೇಮವಾಗಿ ಬಂದರು. ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು? ಮರುದಿನದಿಂದ ನಾನು ತಪ್ಪದೆ ಸೀನಿದೆ. ಮೊದಲು ಮೂಗಿಗೆ ಅಮ್ಮನ ಸೆರಗಿನ ದಾರ ಹಾಕಿಕೊಂಡು. ಅಭ್ಯಾಸವಾದ ಮೇಲೆ ಬರೀ ಗಂಟಲಿನಿಂದ. ಪ್ರತಿ ಸಂಜೆಯೂ ಅಪ್ಪ ಬಂದರು, ಪ್ರತಿ ಸಂಜೆಯೂ ನನ್ನ ಸೀನೇ ಗೆದ್ದಿತು. ನಿಲ್ಲಿಸುವುದು ಹೇಗೆ? ನಿಲ್ಲಿಸಿದ ದಿನವೇ ಅಪ್ಪ ಬಾರದೆ ಹೋದರೆ?

"ಏನ್ಲಾ, ನಿನ್ ಮಗಳ ಮೂಗಿಗೂ ಟೈಂಟೇಬಲ್ ಐತಾ?" ಎಂದು ಸೋದರಮಾವ ಅಪ್ಪನನ್ನು ರೇಗಿಸಿದ್ದುಂಟು. ಮನೆಯವರು ಸಭೆ ಸೇರಿ, ಕಾಯಿಲೆ ಮೂಗಿನದೆಂದು ತೀರ್ಮಾನಿಸಿದರು. ಶುಂಠಿ ಕಷಾಯ, ನೀಲಗಿರಿ ಎಣ್ಣೆಯ ಹಬೆ, ಕೊನೆಗೆ ತುಮಕೂರಿನ ಮೂಗಿನ ಡಾಕ್ಟರು. ಅವರು ದೀಪ ಹಾಕಿ ಎರಡೂ ಹೊಳ್ಳೆಗಳನ್ನು ಪರಿಶೀಲಿಸಿ, ಇವಳಿಗೆ ಧೂಳು ಆಗುವುದಿಲ್ಲ ಎಂದರು. ಅಮ್ಮ ದಿನಕ್ಕೆರಡು ಸಲ ಮನೆ ಗುಡಿಸತೊಡಗಿದಳು. ನಾನು ಜಾಣೆ, ಮಾತು ಕಮ್ಮಿ, ತಂಟೆಯಿಲ್ಲ ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಹೆದರಿದ ಮಗು ತಂಟೆ ಮಾಡುವುದಿಲ್ಲ, ಅದಕ್ಕೆ ಪುರುಸೊತ್ತಿರುವುದಿಲ್ಲ.

ಪಿಯುಸಿಗೆ ನನ್ನನ್ನು ತುಮಕೂರಿನಲ್ಲಿ, ಶಿರಾ ಗೇಟ್ ಹತ್ತಿರದ ಅತ್ತೆಯ ಮನೆಯಲ್ಲಿ ಬಿಟ್ಟರು. ಅಲ್ಲಿಂದ ಸೀನಿದರೆ ಗುಬ್ಬಿಗೆ ಕೇಳುವುದಿಲ್ಲ. ಅದಕ್ಕೆ ಬದಲಾಗಿ ರಸ್ತೆಬದಿಯ ಅಂಗಡಿಯೊಂದರ ಕಾಯಿನ್ ಬೂತು ಬಂತು. ಕಾಲೇಜಿಗೆ ಹೋಗುವ ಮುಂಚೆ ಕುಣಿಗಲ್ಲಿನ ಕಚೇರಿಗೆ ಫೋನ್ ಮಾಡುವುದು, ಅಪ್ಪ "ಹಲೋ" ಅಂದೊಡನೆ ಇಡುವುದು. ಬೇರೆಯವರು ಎತ್ತಿದರೆ ಮತ್ತೆ ಮಾಡುವುದು. ಮೊದಲ ಪೀರಿಯಡ್ ತಪ್ಪಿತು, ಆಮೇಲೆ ಎರಡನೆಯದು. ನಿದ್ದೆ ಹೋಯಿತು, ಅನ್ನ ಸೇರದಾಯಿತು. "ಡಯಟ್ಟೇನೇ?" ಎಂದು ಅತ್ತೆ ನಕ್ಕರು.

ಒಂದು ಬೆಳಿಗ್ಗೆ ಆ ಕಡೆ ಯಾರೂ ಎತ್ತಲಿಲ್ಲ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಲಾರಿಗಳ ಸದ್ದಿನ ನಡುವೆ ನಿಂತಿದ್ದ ನನಗೆ ಒಂದು ಯೋಚನೆ ಬಂತು: ನಾನೇ ಇಲ್ಲದಿದ್ದರೆ ಈ ಕಾಯುವ ಕೆಲಸವೂ ಇರುವುದಿಲ್ಲ. ಅದು ಅಳುತ್ತಾ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಧಿಕಾರಿಯಂತೆ, ಬಹಳ ಸಮಾಧಾನವಾಗಿ ಬಂದು ಪಕ್ಕದಲ್ಲಿ ನಿಂತಿತು. ಅಷ್ಟು ವರ್ಷ ಭಯದ ಜೊತೆಗೇ ಸಂಸಾರ ಮಾಡಿದ್ದವಳಿಗೆ ಆ ಸಮಾಧಾನ ಭಯಕ್ಕಿಂತ ಭಯಂಕರವಾಗಿ ಕಂಡಿತು.

ಮತ್ತೆ ಕಾಸು ಹಾಕಿದೆ. ಅಪ್ಪನೇ ಎತ್ತಿದರು. ಈ ಸಲ ನಾನು ಇಡಲಿಲ್ಲ.

"ಹಲೋ... ಪುಟ್ಟೀ, ನೀನೇನವ್ವಾ?"

"ಅಪ್ಪಾ, ನಂಗೆ ಇರೋದೇ ಬೇಡ ಅನ್ನಿಸ್ತಿದೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ಅಂಗಡಿಯವ್ರಿಗೆ ಫೋನ್ ಕೊಡು. ನಾನು ಬರೋಗಂಟ ಅಲ್ಲಿಂದ ಅಲ್ಲಾಡಬೇಡ."

ಅಂಗಡಿಯಾತ ಆ ಕಡೆಯ ಮಾತು ಕೇಳಿಸಿಕೊಂಡು, ಏನನ್ನೂ ಕೇಳದೆ ಸ್ಟೂಲು ಕೊಟ್ಟ. ಗಿರಾಕಿಗಳಿಗೆ "ಸುತ್ತಾಕ್ಕೊಂಡು ಬನ್ನಿ, ಮಗು ಕೂತದೆ" ಅನ್ನುತ್ತಿದ್ದ. ಅಪ್ಪ ಬರುವವರೆಗೂ ಆ ಅಧಿಕಾರಿಯೂ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

ಅಪ್ಪ ಬಂದು ನನ್ನನ್ನು ನೇರವಾಗಿ ಮನಸ್ಸಿನ ಡಾಕ್ಟರ ಬಳಿಗೆ ಕರೆದೊಯ್ದರು. "ಯಾವಾಗಿಂದ ಹೀಗೆ?" ಎಂದು ಡಾಕ್ಟರು ಕೇಳಿದ್ದು ನನ್ನನ್ನು. ಉತ್ತರಿಸಿದ್ದು ಅಪ್ಪ.

"ಸೀನೋಕೆ ಶುರು ಮಾಡ್ದಾಗಿಂದ ಸಾರ್."

ಸೀನಿನ ಕತೆಯನ್ನು ನಾನು ಬಿಡಿಸಿ ಹೇಳಿದ ಮೇಲೆ ಡಾಕ್ಟರು ಅಪ್ಪನತ್ತ ತಿರುಗಿದರು. "ಅದು ಸುಳ್ಳು ಸೀನು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು." ಅಪ್ಪ ಮೇಜಿನ ಅಂಚು ಸವರಿದರು. "ಕೂತು ನೀರು ಕುಡಿಯೋವಷ್ಟು ಹೊತ್ತು ನಂಗೂ ಜೀವ ತಣ್ಣಗಾಗ್ತಿತ್ತು ಸಾರ್. ಅದ್ಕೇ ಸುಮ್ನಿದ್ದೆ."

ಮಾತ್ರೆಗಳು ಬಂದವು, ವಾರ ವಾರ ಹೋಗಿ ಮಾತಾಡುವ ಕ್ರಮವೂ ಬಂತು. ಅಧಿಕಾರಿ ದೂರ ಸರಿದ. ವರ್ಗವಾದನೇ ಹೊರತು ನಿವೃತ್ತನಾಗಲಿಲ್ಲ. ಆದರೆ ನನ್ನನ್ನು ಇಂದಿಗೂ ಕಾಡುವುದು ಅವನಲ್ಲ, ಡಾಕ್ಟರನ್ನು ಮೊದಲು ಕಂಡ ಆ ದಿನ ಗುಬ್ಬಿಗೆ ಮರಳಿದ ಬಸ್ಸು. ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ಅಪ್ಪ. ಬಸ್ಸು ಹೊರಟಿದ್ದೇ ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಪ್ರತಿ ತಿರುವಿಗೂ ತುಟಿ ಅಲ್ಲಾಡುತ್ತಿತ್ತು. ಊರು ಬರುವವರೆಗೂ ಕಂಬಿ ಬಿಡಲಿಲ್ಲ. ಅಷ್ಟು ವರ್ಷವೂ ಅವರು ಹೀಗೇ ಹೋಗಿ ಹೀಗೇ ಬಂದಿದ್ದರು.